ಮೊದಲ ಮಾತಿಗೇ ಉತ್ತರ ಕೊಡಬೇಡಿ

ಭದ್ರಾ ನಾಲೆಯ ಕೊನೆ ಭಾಗದ ರೈತರೊಬ್ಬರು ದಾವಣಗೆರೆಯ ಕಚೇರಿಯೊಂದಕ್ಕೆ ಬಂದು "ನೀರು ಬಂದಿಲ್ಲ ಸಾರ್" ಅನ್ನುತ್ತಾರೆ ಎಂದಿಟ್ಟುಕೊಳ್ಳಿ. ಮೇಜಿನ ಆಚೆಯವರಿಗೆ ಉತ್ತರ ಬಾಯಲ್ಲೇ ಇರುತ್ತದೆ: "ಯಾವತ್ತು ಬಿಡ್ತೀವಿ ಅಂತ ಪಟ್ಟಿ ಹಾಕಿದೀವಲ್ಲ, ನೋಡ್ಕೊಳ್ಳಿ." ರೈತರು "ಆಯ್ತು ಸಾರ್" ಎಂದು ಹೊರಡುತ್ತಾರೆ. ಹೇಳಲು ಬಂದಿದ್ದು ಬೇರೆಯೇ. ನೀರು ಬಿಟ್ಟ ದಿನವೂ ಅವರ ತೂಬಿಗೆ ಹರಿವಿಲ್ಲ, ಮೇಲಿನವರು ರಾತ್ರಿ ಹೊತ್ತು ನಾಲೆಗೆ ಮೋಟರ್ ಇಟ್ಟಿದ್ದಾರೆ, ಹೆಸರು ಹೇಳಿದರೆ ಊರಲ್ಲಿ ಜಗಳ. ಇನ್ನೆರಡು ಮಾತು ತಡೆದಿದ್ದರೆ ಅದು ಹೊರಬರುತ್ತಿತ್ತು.

ನಮ್ಮ ಕಡೆ ಯಾರೂ ನೇರ ವಿಷಯಕ್ಕೆ ಇಳಿಯುವುದಿಲ್ಲ. ಮಳೆ, ಮೆಕ್ಕೆಜೋಳದ ರೇಟು, ಮನೆಯವರ ಆರೋಗ್ಯ ಮುಗಿದ ಮೇಲೆ ಬರುತ್ತಾರೆ. ಕೌಂಟರಿನಲ್ಲಿ ಕೂರುವವರಿರಲಿ, ನರ್ಸ್, ಆಶಾ ಕಾರ್ಯಕರ್ತೆ, ಮೇಷ್ಟ್ರು ಇರಲಿ, ಕೇಳಿಸಿಕೊಳ್ಳುವ ಕೆಲಸದ ಮುಕ್ಕಾಲು ಪಾಲು ಉತ್ತರವನ್ನು ತಡೆದಿಟ್ಟುಕೊಳ್ಳುವುದರಲ್ಲೇ ಇದೆ. ಇದು ವಿದ್ಯಾವಂತರಿಗೂ ಸುಲಭವಲ್ಲ. ಅಮೆರಿಕದಲ್ಲಿ 1984ರಲ್ಲಿ ಪ್ರಕಟವಾದ ಬೆಕ್‌ಮನ್ ಮತ್ತು ಫ್ರಾಂಕೆಲ್ ಅವರ ಅಧ್ಯಯನದಲ್ಲಿ, ರೋಗಿ ಮಾತು ಶುರುಮಾಡಿದ ಸರಾಸರಿ 18 ಸೆಕೆಂಡಿಗೇ ವೈದ್ಯರು ತಡೆದಿದ್ದರು. ನೋಡಿದ 74 ಭೇಟಿಗಳಲ್ಲಿ ರೋಗಿಗೆ ಮೊದಲ ಮಾತು ಪೂರ್ತಿ ಮುಗಿಸಲು ಬಿಟ್ಟದ್ದು 17ರಲ್ಲಿ ಮಾತ್ರ.

ಮೊದಲು ಜಾಗ ಸರಿಮಾಡಿಕೊಳ್ಳಿ. ಬಂದವರನ್ನು ನಿಲ್ಲಿಸಿಕೊಂಡೇ ಮಾತಾಡಿಸಿದರೆ ಅವರು ಚುಟುಕಾಗಿ ಮುಗಿಸಿಬಿಡುತ್ತಾರೆ, ಕೂರಿಸಿ. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರೆ ಸಾಲದು, ಡ್ರಾಯರಿಗೆ ಸೇರಿಸಿ. ವಯಸ್ಸಾದವರಾದರೆ ಒಂದು ಕಿವಿ ಮಂದವಿರಬಹುದು, ಯಾವ ಕಡೆ ಚೆನ್ನಾಗಿ ಕೇಳಿಸುತ್ತದೆ ಎಂದು ಕೇಳಿ ಆ ಕಡೆ ಕುರ್ಚಿ ಹಾಕಿಸಿ. ತಗಡಿನ ಮಾಡಿನ ಕೆಳಗೆ ಮಳೆ ಸದ್ದಿರುವಾಗ ಮುಖ್ಯ ಮಾತು ಬೇಡವೇ ಬೇಡ.

ಅವರು ಮಾತು ನಿಲ್ಲಿಸಿದಾಗ ಮನಸ್ಸಿನಲ್ಲೇ ಮೂರು ಎಣಿಸಿ. ಇದು ಅಂದಾಜಿನ ಲೆಕ್ಕವಲ್ಲ. ಮೇರಿ ಬಡ್ ರೋ ಎಂಬ ಸಂಶೋಧಕಿ ತರಗತಿಗಳಲ್ಲಿ ಗಮನಿಸಿದಂತೆ, ಪ್ರಶ್ನೆ ಕೇಳಿದ ಶಿಕ್ಷಕರು ಸುಮಾರು ಒಂದು ಸೆಕೆಂಡಷ್ಟೇ ಕಾಯುತ್ತಿದ್ದರು. ಅದು ಮೂರು ಸೆಕೆಂಡಾದಾಗ ಮಕ್ಕಳ ಉತ್ತರ ಉದ್ದವಾಯಿತು, ಬಾಯಿ ಬಿಡದೆ ಕೂರುವವರು ಕಡಿಮೆಯಾದರು. ಮೂರು ಸೆಕೆಂಡು ಕೇಳಲು ಚಿಕ್ಕದು, ಕೂತು ನೋಡಿ, ಬಹಳ ಉದ್ದ. ಮೊದಮೊದಲು ಕೈ ತಾನಾಗಿ ಪೆನ್ನಿಗೋ ಫೈಲಿಗೋ ಹೋಗುತ್ತದೆ.

ಹೂಂಗುಟ್ಟುವುದರಲ್ಲೂ ಹದ ಬೇಕು. ಮಾತಿನ ಮಧ್ಯೆ "ಹೂಂ, ಹೂಂ, ಹೂಂ" ಎಂದು ಬಿಡದೆ ಸುರಿದರೆ "ಬೇಗ ಮುಗಿಸು" ಎಂದೇ ಕೇಳಿಸುತ್ತದೆ. ವಾಕ್ಯ ಮುಗಿದಾಗ ಒಂದು ನಿಧಾನದ "ಹೂಂ" ಸಾಕು. ಫೋನಿನಲ್ಲಿ ಮಾತ್ರ ಇದು ತಿರುಗುಮುರುಗು: ಅಲ್ಲಿ ಸುಮ್ಮನಿದ್ದರೆ "ಹಲೋ, ಕೇಳ್ತಿದೆಯಾ?" ಶುರುವಾಗಿ ಮಾತಿನ ಎಳೆಯೇ ತಪ್ಪುತ್ತದೆ, ಹಾಗಾಗಿ ಸ್ವಲ್ಪ ಹೆಚ್ಚೇ ಹೂಂಗುಟ್ಟಿ.

ಪ್ರಶ್ನೆಗಳಲ್ಲಿ "ಯಾಕೆ" ಅನ್ನುವುದನ್ನು ದೂರವಿಡಿ. "ಯಾಕಮ್ಮ ಮೊದ್ಲೇ ಬರ್ಲಿಲ್ಲ?" ಅಂದರೆ ಬಾಣಂತಿಯೂ ಅವಳ ತಾಯಿಯೂ ಸಮರ್ಥನೆಗೆ ಇಳಿಯುತ್ತಾರೆ, ಜ್ವರ ಯಾವಾಗ ಬಂತು ಅನ್ನುವುದು ಅಲ್ಲೇ ಉಳಿಯುತ್ತದೆ. "ಆಮೇಲೆ ಏನಾಯ್ತಮ್ಮ?" ಎಂದು ಕೇಳಿದರೆ ತಾರೀಖು, ಮಾತ್ರೆ, ಯಾರ ಸಲಹೆ ಎಲ್ಲವೂ ಒಂದೊಂದಾಗಿ ಬರುತ್ತವೆ. ಸೊಸೆಯೋ ಮಗನೋ ಅಜ್ಜಿಯ ಪರವಾಗಿ ಹೇಳತೊಡಗಿದರೆ ಅವರನ್ನು ಗದರಬೇಡಿ. "ನಿಮ್ಮನ್ನೂ ಕೇಳ್ತೀನಿ, ಮೊದ್ಲು ಅಜ್ಜಿ ಹೇಳ್ಲಿ" ಎಂದು ಅಜ್ಜಿಯ ಕಡೆಗೇ ನೋಡುತ್ತಿರಿ.

ಕೇಳಿದ್ದನ್ನು ತಿರುಗಿ ಹೇಳುವ ಹೆಜ್ಜೆಯಲ್ಲೇ ಹೆಚ್ಚು ಜನ ಎಡವುತ್ತಾರೆ. ಅವರದೇ ಪದಗಳನ್ನು ಗಿಳಿಯಂತೆ ಒಪ್ಪಿಸಿದರೆ ಅಣಕಿಸಿದಂತಾಗುತ್ತದೆ. ಮೂರು ಸಂಗತಿ ಸಾಕು: ಏನಾಗಿದೆ, ಯಾವಾಗಿನಿಂದ, ಅವರಿಗೆ ಏನು ಬೇಕು. "ಅಂದ್ರೆ ಎರಡು ಸರದಿಯಿಂದ ತೂಬಿಗೆ ನೀರಿಲ್ಲ, ಹೆಸರು ಹೇಳದೆ ಯಾರಾದ್ರೂ ಬಂದು ನೋಡ್ಲಿ ಅಂತೀರಾ ಯಜಮಾನ್ರೆ?" ತಪ್ಪಿದ್ದರೆ ಅವರೇ ತಿದ್ದುತ್ತಾರೆ, ಆ ತಿದ್ದುಪಡಿಯೇ ನಿಮಗೆ ಬೇಕಾದದ್ದು. ಬದುವಿನ ಜಗಳಕ್ಕೆ ಕೂತ ಅಣ್ಣತಮ್ಮಂದಿರಿಗೆ ಮನಶ್ಶಾಸ್ತ್ರಜ್ಞ ಕಾರ್ಲ್ ರಾಜರ್ಸ್ ಸೂಚಿಸಿದ ಕಟ್ಟಳೆ ಹಾಕಬಹುದು: ಎದುರಿನವರು ಹೇಳಿದ್ದನ್ನು ಅವರಿಗೆ ಒಪ್ಪಿಗೆಯಾಗುವಂತೆ ಹೇಳಿದ ಮೇಲೆಯೇ ತನ್ನ ಮಾತು. ಮೊದಲ ಹತ್ತು ನಿಮಿಷ ನಗೆಪಾಟಲಾದೀತು. ದನಿ ತಗ್ಗುವುದಂತೂ ನಿಜ, ಏಕೆಂದರೆ ಕೂಗಾಡುತ್ತಾ ಇನ್ನೊಬ್ಬರ ಮಾತನ್ನು ನೆನಪಿಟ್ಟುಕೊಳ್ಳಲು ಆಗುವುದಿಲ್ಲ.

ಬರೆದುಕೊಳ್ಳುವುದಾದರೆ ಹೇಳಿ ಬರೆಯಿರಿ: "ಮರೀಬಾರ್ದು ಅಂತ ತಾರೀಖು ಬರ್ಕೊಳ್ತೀನಿ." ಹೇಳದೆ ಪೆನ್ನು ಎತ್ತಿದರೆ ಕೇಸೇನೋ ಹಾಕುತ್ತಿದ್ದಾರೆ ಎಂದು ಹಳ್ಳಿಯಿಂದ ಬಂದವರು ಮೌನವಾಗುತ್ತಾರೆ. ಅಂಕಿ, ಹೆಸರು, ಸರ್ವೆ ನಂಬರ್ ಇಷ್ಟೇ ಬರೆದರೆ ಕಣ್ಣು ಕಾಗದದಲ್ಲಿ ಹೂತುಹೋಗದು.

"ಬರ್ತೀನಿ ಸಾರ್" ಎಂದು ಎದ್ದವರು ಬಾಗಿಲ ಹತ್ತಿರ ತಿರುಗಿ ನಿಂತರೆ ಮುಂದಿನವರನ್ನು ಕರೆಯಬೇಡಿ. ಸಾಲ, ಗಂಡನ ಕುಡಿತ, ಎದೆಯ ಗಂಟು, ಹೇಳಲು ಕಷ್ಟವಾದ ಮಾತು ಹೊರಡುವ ಹೊತ್ತಿಗೇ ಬಾಯಿಗೆ ಬರುತ್ತದೆ. ಎದ್ದು ಹೋಗುವ ಮುಂಚೆಯೇ "ಇನ್ನೇನಾದ್ರೂ ಇದ್ಯಾ?" ಎಂದು ಕೇಳುವುದು ಇನ್ನೂ ಒಳ್ಳೆಯದು.

ಎಲ್ಲ ಹೊತ್ತಿನಲ್ಲೂ ಹೀಗೆ ಕೂರಲಾಗದು. ರಕ್ತ ಸುರಿಯುತ್ತಿರುವಾಗ, ಹಾವು ಕಚ್ಚಿದಾಗ ಮಧ್ಯೆ ಬಾಯಿ ಹಾಕಿ ಕೇಳಲೇಬೇಕು. ಬರಿ ಸಮಯವಿಲ್ಲದಿದ್ದರೆ ಅರ್ಧ ಕಿವಿ ಕೊಡುವುದಕ್ಕಿಂತ "ಹನ್ನೆರಡಕ್ಕೆ ಬನ್ನಿ, ಹತ್ತು ನಿಮಿಷ ಕೂತು ಮಾತಾಡೋಣ" ಎಂದು ಗಂಟೆ ಹೇಳಿ ಕಳಿಸಿ. ಆ ಹೊತ್ತಿಗೆ ಸೀಟಿನಲ್ಲಿರಿ. ಜಗಳೂರಿನ ಕಡೆಯಿಂದ ಬಸ್ಸಿಗೆ ಬಂದವರು ಇದಕ್ಕೇ ಇನ್ನೊಮ್ಮೆ ಬರಬೇಕಾದರೆ ಇನ್ನೊಂದು ದಿನದ ಕೂಲಿ ಹೋಗುತ್ತದೆ.