ಸರ್ವೆಯವರು ಅಂಗಡಿಗೆ ಬಂದರೆ ಏನು ಹೇಳಬೇಕು, ಏನು ಕೇಳಬೇಕು

ನಮ್ಮದು ದಾವಣಗೆರೆಯಲ್ಲಿ ಒಂದು ಸಣ್ಣ ಮಂಡಕ್ಕಿ ಭಟ್ಟಿ. ಮೊದಲ ಸಲ ಕೇಂದ್ರ ಸರ್ಕಾರದ ಸರ್ವೆಯವರು ಬಂದಾಗ ಬಾಣಲೆಯಲ್ಲಿ ಮರಳು ಕಾದಿತ್ತು, ಅಕ್ಕಿ ಹಾಕುವ ಹೊತ್ತು. ಟ್ಯಾಬ್ ಹಿಡಿದು ನಿಂತ ಹುಡುಗ "ಎಷ್ಟು ಜನ ಕೆಲಸ ಮಾಡ್ತೀರಿ ಸರ್?" ಅಂದ. "ನಾನು, ಇಬ್ಬರು ಆಳು" ಅಂದೆ. ನನ್ನ ಹಿಂದೆಯೇ ನಮ್ಮ ಮನೆಯವರು, ಅಂದರೆ ನನ್ನ ಹೆಂಡತಿ, ಜರಡಿ ಹಿಡಿದು ಮಂಡಕ್ಕಿಯಿಂದ ಮರಳು ಬೇರೆ ಮಾಡುತ್ತಿದ್ದರು. ಅಮ್ಮ ಚೀಲದ ಬಾಯಿ ಹೊಲಿಯುತ್ತಿದ್ದರು. ಅವನು ಆ ಕಡೆ ನೋಡಿ "ಇವರು?" ಅಂತ ಕೇಳಿದ. "ಅವರು ಮನೆಯವರು, ಸುಮ್ನೆ ಕೈ ಹಾಕ್ತಾರೆ" ಅಂದುಬಿಟ್ಟೆ. ಬೆಳಗ್ಗೆ 5 ಗಂಟೆಗೆ ಒಲೆ ಹಚ್ಚುವುದೇ ನಮ್ಮ ಮನೆಯವರು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಂದವರು ಯಾರು ಅಂತ ತಿಳಿದುಕೊಳ್ಳಿ. ನಮ್ಮಂಥ ಕಂಪನಿ ಅಲ್ಲದ ಸಣ್ಣ ಅಂಗಡಿ, ಭಟ್ಟಿ, ಟೈಲರ್, ಗ್ಯಾರೇಜು, ದೋಸೆ ಹೋಟೆಲ್ ಇವಕ್ಕೆಲ್ಲ ಬರುವುದು ಎಎಸ್‌ಯುಎಸ್‌ಇ ಅನ್ನುವ ವಾರ್ಷಿಕ ಸಮೀಕ್ಷೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ, ಅಂದರೆ ಎನ್‌ಎಸ್‌ಒ, ಇದನ್ನು ಮಾಡುತ್ತದೆ. ತಯಾರಿಕೆ, ವ್ಯಾಪಾರ, ಸೇವೆ ಮೂರೂ ಇದರಲ್ಲಿ ಬರುತ್ತವೆ. ಬೇಸಾಯ ಮತ್ತು ಕಟ್ಟಡ ಕೆಲಸ ಬರುವುದಿಲ್ಲ. ಇದಲ್ಲದೆ ಕಾರ್ಖಾನೆಗಳಿಗೆ ಎಎಸ್‌ಐ, ಅಂದರೆ ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ ಅಂತ ಬೇರೆಯೇ ಇದೆ, ಅದರ ವಿಷಯ ಕೊನೆಗೆ ಹೇಳುತ್ತೇನೆ.

ಬಂದವರ ಗುರುತಿನ ಚೀಟಿ ಕೇಳಿ. ಕೇಳುವುದು ಅವಮಾನ ಅಲ್ಲ, ನಿಜವಾದವರು ತಾವೇ ತೋರಿಸುತ್ತಾರೆ. ಹೆಸರು, ಕಚೇರಿ ಬರೆದುಕೊಳ್ಳಿ, ಚೀಟಿಯ ಫೋಟೋ ತೆಗೆದುಕೊಳ್ಳುತ್ತೇನೆ ಅಂತ ಹೇಳಿಯೇ ತೆಗೆದುಕೊಳ್ಳಿ. ಅನುಮಾನ ಬಂದರೆ ಅವರು ಕೊಟ್ಟ ನಂಬರಿಗೆ ಫೋನ್ ಮಾಡಬೇಡಿ, ಕಚೇರಿಯ ನಂಬರನ್ನು ಬೇರೆ ಕಡೆಯಿಂದ ಹುಡುಕಿ ಅಲ್ಲಿಗೆ ಮಾಡಿ. ಯಾರಾದರೂ ಸರ್ವೆ ಹೆಸರಲ್ಲಿ ಬ್ಯಾಂಕಿನ ಒಟಿಪಿ, ಯುಪಿಐ ಪಿನ್, ಶುಲ್ಕ ಅಂತ ಕೇಳಿದರೆ ಅಥವಾ ವಾಟ್ಸಾಪಲ್ಲಿ ಯಾವುದೋ ಆ್ಯಪ್ ಕಳಿಸಿ ಹಾಕಿಕೊಳ್ಳಿ ಅಂದರೆ ಅದು ಮೋಸ, ಅಲ್ಲಿಗೇ ಮಾತು ಮುಗಿಸಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

"ಎದುರಂಗಡಿಯವರನ್ನು ಬಿಟ್ಟು ನನ್ನನ್ನೇ ಯಾಕೆ ಹಿಡಿದರು?" ಇದು ಎಲ್ಲರೂ ಕೇಳುವ ಪ್ರಶ್ನೆ. ಯಾರೂ ನಿಮ್ಮ ಮೇಲೆ ದೂರು ಕೊಟ್ಟಿಲ್ಲ. ಊರನ್ನು ಸಣ್ಣ ಸಣ್ಣ ಬ್ಲಾಕ್ ಮಾಡಿ, ಅದರಲ್ಲಿ ಕೆಲವನ್ನು ಆರಿಸಿ, ಆ ಬ್ಲಾಕಿನ ಬೀದಿ ಬೀದಿ ತಿರುಗಿ ಯಾವ ಅಂಗಡಿ ಎಲ್ಲಿದೆ ಅಂತ ಪಟ್ಟಿ ಮಾಡುತ್ತಾರೆ. ಆಮೇಲೆ ಆ ಪಟ್ಟಿಯಿಂದ ಲೆಕ್ಕದ ಪ್ರಕಾರ ಕೆಲವರನ್ನು ಎತ್ತುತ್ತಾರೆ, ಚೀಟಿ ಎತ್ತಿದ ಹಾಗೆ. 2023-24ರ ಸಮೀಕ್ಷೆಯಲ್ಲಿ ಹೀಗೆ ಸುಮಾರು 5 ಲಕ್ಷ ಘಟಕಗಳ ಮಾಹಿತಿ ಪಡೆದು, ದೇಶದಲ್ಲಿ ಇಂಥ 7.34 ಕೋಟಿ ಘಟಕಗಳಿವೆ, 12 ಕೋಟಿಗೂ ಹೆಚ್ಚು ಜನ ದುಡಿಯುತ್ತಿದ್ದಾರೆ ಅಂತ ಅಂದಾಜು ಮಾಡಿದರು. ಸರಾಸರಿ ತೆಗೆದರೆ ಒಂದು ಅಂಗಡಿಯ ಉತ್ತರ 140ಕ್ಕೂ ಹೆಚ್ಚು ಅಂಗಡಿಗಳ ಪರವಾಗಿ ನಿಲ್ಲುತ್ತದೆ. ಅಂದರೆ ನಾನು ಅಮ್ಮನನ್ನೂ ನಮ್ಮ ಮನೆಯವರನ್ನೂ ಬಿಟ್ಟಿದ್ದರೆ, ಹತ್ತಿರ ಹತ್ತಿರ 300 ಹೆಂಗಸರ ದುಡಿಮೆ ದೇಶದ ಲೆಕ್ಕದಿಂದಲೇ ಬಿಟ್ಟುಹೋಗುತ್ತಿತ್ತು. ಸದ್ಯ, ಆ ಹುಡುಗ ಬಿಡಲಿಲ್ಲ.

ಇನ್ನು ಭಯದ ವಿಷಯ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗಿನಿಂದ ಟ್ಯಾಬ್ ಹಿಡಿದವರನ್ನು ಕಂಡರೆ ಎಲ್ಲರಿಗೂ ಗಾಬರಿ. ಗಾಬರಿ ಆಗುವುದು ಸಹಜ. ಆದರೆ ನೋಟಿಸ್ ಕೊಟ್ಟದ್ದು ವಾಣಿಜ್ಯ ತೆರಿಗೆ ಇಲಾಖೆ. ಈ ಸರ್ವೆ ಮಾಡುವವರು ಬೇರೆ ಸಚಿವಾಲಯದವರು, ಅವರ ಕೆಲಸ ಲೆಕ್ಕ ಕೂಡಿಸುವುದು ಅಷ್ಟೇ. ಪ್ರಕಟಿಸುವ ಮಾಹಿತಿಯಲ್ಲಿ ನಿಮ್ಮ ಹೆಸರು, ವಿಳಾಸ ಇರುವುದಿಲ್ಲ. 2008ರ ಅಂಕಿಅಂಶ ಸಂಗ್ರಹಣಾ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಆ ಕಾಯ್ದೆಯಡಿ ಪಡೆದ ಮಾಹಿತಿಯನ್ನು ಅಂಕಿಅಂಶದ ಕೆಲಸಕ್ಕೆ ಬಳಸಬೇಕು ಅಂತಿದೆ. ನಿಮ್ಮಲ್ಲಿಗೆ ಬಂದವರು ಯಾವ ಸಮೀಕ್ಷೆ, ಯಾವ ಕಾಯ್ದೆಯಡಿ ಕೇಳುತ್ತಿದ್ದಾರೆ ಅಂತ ನೇರವಾಗಿ ಕೇಳಿ. ಜಿಎಸ್‌ಟಿ ನೋಂದಣಿ ಇದೆಯಾ ಅಂತ ಅವರೂ ಕೇಳುತ್ತಾರೆ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಅನ್ನಿ, ಸಾಕು.

ವ್ಯಾಪಾರದ ಹೊತ್ತಲ್ಲಿ ಬಂದರೆ ಕೂತು ಉತ್ತರ ಹೇಳಲೇಬೇಕು ಅಂತಿಲ್ಲ. "ಮಧ್ಯಾಹ್ನ 3ರ ಮೇಲೆ ಬನ್ನಿ ಸರ್, ಆಗ ಲೆಕ್ಕದ ಪುಸ್ತಕ ತೆಗೆದಿಡುತ್ತೇನೆ" ಅಂದರೆ ಒಪ್ಪಿಕೊಂಡು ಬರುತ್ತಾರೆ. ನಾಳೆ ಬನ್ನಿ ನಾಳೆ ಬನ್ನಿ ಅಂತ ನಾಲ್ಕು ಸಲ ಓಡಾಡಿಸಬೇಡಿ, ಅವರೂ ಬಿಸಿಲಲ್ಲಿ ಬೀದಿ ಸುತ್ತುವವರೇ.

ಸಾಮಾನ್ಯವಾಗಿ ಕಳೆದ ತಿಂಗಳ ಲೆಕ್ಕ ಕೇಳುತ್ತಾರೆ, ಸರಿಯಾದ ಪುಸ್ತಕ ಇಟ್ಟವರಿಗೆ ವರ್ಷದ್ದು. ನಮ್ಮಲ್ಲಿ ಬಹಳ ಜನರ ಪುಸ್ತಕ ಅಂದರೆ ಗಲ್ಲಾದ ಪಕ್ಕ ಇರುವ ಉದ್ರಿ ಪುಸ್ತಕ, ಅಲ್ವಾ. ಅದೂ ಆಗುತ್ತದೆ. ಜೊತೆಗೆ ಕರೆಂಟ್ ಬಿಲ್, ಬಾಡಿಗೆ, ಬಟವಾಡೆ ಕೊಟ್ಟ ಚೀಟಿ, ಮಾಲು ತಂದ ಬಿಲ್ಲುಗಳು, ಸಾಲದ ಪಾಸ್‌ಬುಕ್ ಒಂದು ಚೀಲದಲ್ಲಿ ಹಾಕಿಡಿ. ಒಟ್ಟು ಎಷ್ಟು ಅಂತ ಕೇಳಿದಾಗ ತಲೆ ಕೆರೆದುಕೊಳ್ಳುವ ಬದಲು ಒಂದು ದಿನದಿಂದ ಶುರು ಮಾಡಿ. ನಾನು ಹಾಗೇ ಮಾಡಿದೆ. ದಿನಕ್ಕೆ ಎಷ್ಟು ಚೀಲ ಅಕ್ಕಿ ಹುರಿದೆವು, ಎಷ್ಟು ಚೀಲ ಮಂಡಕ್ಕಿ ಆಯಿತು, ಮಳೆಯಿಂದ ಎಷ್ಟು ದಿನ ಭಟ್ಟಿ ಹಚ್ಚಲಿಲ್ಲ. ಇಷ್ಟು ಸಿಕ್ಕರೆ ತಿಂಗಳದ್ದು ತಾನೇ ಬರುತ್ತದೆ. ಸೌದೆ, ಉಪ್ಪು, ಖಾಲಿ ಚೀಲ, ಹಮಾಲಿ, ಟೆಂಪೋ ಬಾಡಿಗೆ ಮರೆಯಬೇಡಿ. ನಾನು ಹಮಾಲಿ ಮರೆತಿದ್ದೆ, ಅದು ಸಣ್ಣ ಮೊತ್ತ ಅಲ್ಲ.

ತಪ್ಪುವುದು ಜಾಸ್ತಿ ಇಲ್ಲೇ. ಮನೆ, ಅಂಗಡಿ ಎರಡಕ್ಕೂ ಒಂದೇ ಮೀಟರ್ ಇದ್ದರೆ ಪೂರ್ತಿ ಬಿಲ್ ಅಂಗಡಿಗೆ ಹಾಕಬೇಡಿ, ಎಷ್ಟು ಪಾಲು ಅಂತ ಅಂದಾಜು ಹೇಳಿ. ಅಂಗಡಿಯ ಮಾಲನ್ನು ಮನೆಗೆ ಬಳಸಿದ್ದರೆ ಅದನ್ನೂ ಹೇಳಿ. ಸಾಲದಲ್ಲಿ ಅಸಲು ಬೇರೆ, ಬಡ್ಡಿ ಬೇರೆ. ಸಂಘದ ಸಾಲ, ಕೈಸಾಲ ಕೂಡ ಸಾಲವೇ, ಬ್ಯಾಂಕಿನದು ಮಾತ್ರ ಅಲ್ಲ.

ಮತ್ತೆ ಜನರ ಲೆಕ್ಕ. ಕೂಲಿ ತಗೊಳ್ಳುವವರು ಒಂದು ಸಾಲು, ಮಾಲೀಕರು ಒಂದು ಸಾಲು, ಕೂಲಿ ಇಲ್ಲದೆ ದುಡಿಯುವ ಮನೆಯವರದು ಬೇರೆ ಸಾಲು. ಗಂಡಸು, ಹೆಂಗಸು ಅಂತ ಬೇರೆ ಬೇರೆ. ಪೂರ್ತಿ ದಿನವೋ ಅರ್ಧ ದಿನವೋ ಅದೂ ಬೇರೆ. ದಿನಾ ಸಂಜೆ ಕಾಲೇಜಿಂದ ಬಂದು ಗಲ್ಲಾದಲ್ಲಿ ಕೂರುವ ಮಗನನ್ನು, ಹೋಟೆಲಿಗೆ ದಿನಾ ಚಟ್ನಿ ರುಬ್ಬಿಕೊಡುವ ಅತ್ತಿಗೆಯನ್ನು ಬಿಡಬೇಡಿ. ಸಂಬಳ ಕೊಡುವುದಿಲ್ಲ ಅಂತ ಅದು ಕೆಲಸ ಅಲ್ಲ ಅಂತಾಗುವುದಿಲ್ಲ. ಉತ್ತರ ಹೇಳುವಾಗ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಮ್ಮಲ್ಲಿ ಸೌದೆ ಲೋಡಿಗೆ ಎಷ್ಟು ಕೊಟ್ಟೆವು ಅನ್ನುವುದು ನನಗಿಂತ ಅಮ್ಮನಿಗೆ ಚೆನ್ನಾಗಿ ನೆನಪಿತ್ತು.

ಗೊತ್ತಿಲ್ಲದ್ದಕ್ಕೆ ಸೊನ್ನೆ ಹೇಳಬೇಡಿ. "ಸರಿಯಾಗಿ ಗೊತ್ತಿಲ್ಲ, ಇಷ್ಟರಿಂದ ಇಷ್ಟರೊಳಗೆ" ಅನ್ನಿ. ವ್ಯಾಪಾರ ಬಿದ್ದಿದ್ದರೆ ಬಿದ್ದಿದೆ ಅಂತಲೇ ಹೇಳಿ, ಮರ್ಯಾದೆಗೆ ಅಂತ ಏರಿಸಬೇಡಿ. ನಮ್ಮ ಕಷ್ಟ ಕಾಗದದ ಮೇಲೆ ಬರುವ ದಾರಿ ಇದೊಂದು.

ಇನ್ನು ಎಎಸ್‌ಐ. ಕಾರ್ಖಾನೆ ಅಂತ ನೋಂದಣಿ ಆದ ಘಟಕಗಳಿಗೆ ಇದು ಬರುತ್ತದೆ. ದಾವಣಗೆರೆ ಕಡೆಯ ರೈಸ್ ಮಿಲ್, ಚಳ್ಳಕೆರೆಯ ಎಣ್ಣೆ ಮಿಲ್ ನಡೆಸುವವರಿಗೆ ಗೊತ್ತಿರಬಹುದು. ಇದು 2008ರ ಆ ಕಾಯ್ದೆಯಡಿಯೇ ನಡೆಯುತ್ತದೆ. ನೋಟಿಸ್ ಬಂದ ಮೇಲೆ ಮಾಹಿತಿ ಕೊಡಲೇಬೇಕು, ಕೊಡದಿದ್ದರೆ ದಂಡಕ್ಕೆ ಅವಕಾಶ ಇದೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕವನ್ನು ಆನ್‌ಲೈನಲ್ಲಿ ತುಂಬಬೇಕು. ಆಡಿಟರಿಗೆ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಆಸ್ತಿ, ಬಡ್ಡಿ ಅವರು ಬ್ಯಾಲೆನ್ಸ್ ಶೀಟ್ ನೋಡಿ ತುಂಬುತ್ತಾರೆ. ಆದರೆ ಎಷ್ಟು ಕ್ವಿಂಟಾಲ್ ಶೇಂಗಾ ಒಳಗೆ ಬಂತು, ಎಷ್ಟು ಎಣ್ಣೆ, ಎಷ್ಟು ಹಿಂಡಿ ಹೊರಗೆ ಹೋಯಿತು ಅನ್ನುವುದು ಮಿಲ್ಲಿನವರಿಗೇ ಗೊತ್ತು. ಹಿಂಡಿ, ತೌಡು, ಹೊಟ್ಟು ಮಾರಿದ್ದನ್ನು ಬಿಟ್ಟರೆ ಲೆಕ್ಕ ಕೂಡುವುದಿಲ್ಲ, ಮತ್ತೆ ಫೋನ್ ಬರುತ್ತದೆ. ತುಂಬಿದ್ದರ ಪ್ರತಿ ಒಂದು ತೆಗೆದಿಟ್ಟುಕೊಳ್ಳಿ, ಮುಂದಿನ ಸಲ ಅರ್ಧ ಕೆಲಸ ಉಳಿಯುತ್ತದೆ.

ಮಿಲ್ ಮುಚ್ಚಿದ್ದರೂ, ಜಾಗ ಬದಲಾಗಿದ್ದರೂ, ಬೇರೆಯವರಿಗೆ ಮಾರಿದ್ದರೂ ನೋಟಿಸನ್ನು ಮೂಲೆಗೆ ಎಸೆಯಬೇಡಿ. ಯಾವ ತಿಂಗಳು ಮುಚ್ಚಿದ್ದು, ಈಗ ಯಾರ ಹತ್ತಿರ ಇದೆ ಅಂತ ನೋಟಿಸಿನಲ್ಲಿರುವ ವಿಳಾಸಕ್ಕೆ ಒಂದು ಕಾಗದ ಬರೆದು, ಪ್ರತಿಯ ಮೇಲೆ ಸೀಲ್ ಹಾಕಿಸಿಕೊಂಡು ಬನ್ನಿ.