ಬಸುರಿಯ ಶುಗರ್: ಗುಳಿಗೆಗಿಂತ ಮೊದಲು ಕಾಳು

ಮೊದಲ ತಪಾಸಣೆಯ ಚೀಟಿಯಲ್ಲಿ ವಯಸ್ಸು, ತೂಕ, ಮನೆತನದ ಸಕ್ಕರೆ ಕಾಯಿಲೆ ಇವುಗಳ ಕೆಳಗೆ ಇನ್ನೆರಡು ಸಾಲು ಸೇರಿಸುತ್ತೇನೆ: ಮನೆಯಲ್ಲಿ ಹೊಗೆ ಎಲ್ಲೆಲ್ಲಿ, ಈಚೆಗೆ ಆಂಟಿಬಯಾಟಿಕ್ ಎಷ್ಟು ಸಲ. ಹೊಗೆಯಲ್ಲಿರುವ ಪಿಎಂ 2.5 ಎಂಬ ಅತಿ ಸಣ್ಣ ಕಣಗಳಿಗೂ ಬಸುರಿನ ಸಕ್ಕರೆಗೂ ನಂಟಿರುವುದನ್ನು ಹಲವು ದೇಶಗಳ ಅಧ್ಯಯನಗಳು ಕಂಡಿವೆ. "ಅಡುಗೆ ಯಾವುದರಲ್ಲಿ?" ಎಂದರೆ "ಗ್ಯಾಸ್" ಎನ್ನುತ್ತಾರೆ, ಹಂಡೆ ಒಲೆ, ಸೊಳ್ಳೆ ಬತ್ತಿ ಬೇರೆಯಾಗಿ ಕೇಳಿದರೆ ಮಾತ್ರ ಹೊರಬರುತ್ತವೆ.

ಉತ್ತರ ಏನೇ ಇರಲಿ, ಗ್ಲೂಕೋಸ್ ಪರೀಕ್ಷೆ ಎಲ್ಲರಿಗೂ: ಮೊದಲ ಭೇಟಿಯಲ್ಲಿ, ಮತ್ತೆ 24ರಿಂದ 28ನೇ ವಾರದೊಳಗೆ. ಪರೀಕ್ಷೆಗೆ ಕುಡಿಸುವ 75 ಗ್ರಾಂ ಎಂಬುದು ನೀರಿಲ್ಲದ ಗ್ಲೂಕೋಸಿನ ಲೆಕ್ಕ. ಪೊಟ್ಟಣದ ಮೇಲೆ ಮಾನೋಹೈಡ್ರೇಟ್ (ನೀರಿನಂಶ ಸೇರಿದ್ದು) ಎಂದಿದ್ದರೆ 82.5 ಗ್ರಾಂ ತೂಗಬೇಕು. 300 ಮಿ.ಲೀ. ನೀರಿನಲ್ಲಿ ಕರಗಿಸಿ 5ರಿಂದ 10 ನಿಮಿಷದಲ್ಲಿ ಕುಡಿಸುತ್ತೇವೆ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಅವತ್ತಿನ ಪರೀಕ್ಷೆ ಲೆಕ್ಕಕ್ಕಿಲ್ಲ. ಕುಡಿದು 2 ಗಂಟೆಯಾದಾಗ ರಕ್ತದ ಸಕ್ಕರೆ 140 (ಮಿ.ಗ್ರಾಂ/ಡೆ.ಲೀ.) ಅಥವಾ ಹೆಚ್ಚು ಬಂದರೆ ಬಸುರಿನ ಸಕ್ಕರೆ ಕಾಯಿಲೆ. ತೆಗೆದ ರಕ್ತವನ್ನು ಸುಮ್ಮನೆ ಇಟ್ಟರೆ ರಕ್ತಕಣಗಳೇ ಸಕ್ಕರೆ ತಿಂದು ಗಂಟೆಗೆ ಶೇ. 5ರಿಂದ 7 ಕರಗುತ್ತದೆ. 142 ಇದ್ದದ್ದು 133 ಆಗಿ "ನಾರ್ಮಲ್" ಬರುವುದು ಹೀಗೆ.

ಇನ್ನು ಕರುಳು. ಆಂಟಿಬಯಾಟಿಕ್ ಲೆಕ್ಕ ಕೇಳುವುದು ಅಲ್ಲಿನ ಬ್ಯಾಕ್ಟೀರಿಯಾಗಳಿಗಾಗಿ. ಕೊನೆಯ ತಿಂಗಳುಗಳ ಬಸುರಿಯರ ಮಲದ ಬ್ಯಾಕ್ಟೀರಿಯಾಗಳನ್ನು ಸೂಕ್ಷ್ಮಾಣುರಹಿತ ಇಲಿಗಳಿಗೆ ಕೊಟ್ಟಾಗ ಅವುಗಳಿಗೆ ಕೊಬ್ಬು ಏರಿತು, ಇನ್ಸುಲಿನ್‌ಗೆ ಸ್ಪಂದನೆ ತಗ್ಗಿತು ಎಂದು ಸೂಕ್ಷ್ಮಾಣು ವಿಜ್ಞಾನಿ ರೂತ್ ಲೇ ಅವರ ತಂಡ 2012ರಲ್ಲಿ ತೋರಿಸಿತು. ಹಾಗಾದರೆ ಪ್ರೊಬಯೋಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾಗಳ ಗುಳಿಗೆ ಸಾಕೇ? ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ತೂಕ ಹೆಚ್ಚಿದ್ದ 411 ಬಸುರಿಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಕಾಯಿಲೆಯನ್ನು ತಡೆಯಲಿಲ್ಲ. ನಾನು ಆ ಗುಳಿಗೆ ಬರೆದುಕೊಡುವುದಿಲ್ಲ.

ಬರೆದುಕೊಡುವುದು ನಾರು. ಕರುಳಿನ ಬ್ಯಾಕ್ಟೀರಿಯಾಗಳ ಊಟವೇ ಅದು. 100 ಗ್ರಾಂ ಹೆಸರುಕಾಳಿನಲ್ಲಿ ಸುಮಾರು 17 ಗ್ರಾಂ, ರಾಗಿಯಲ್ಲಿ 11, ಪಾಲಿಶ್ ಅಕ್ಕಿಯಲ್ಲಿ 3ರ ಒಳಗೆ. ದಿನಕ್ಕೆ ಒಂದು ಹಿಡಿ, ಅಂದರೆ 25-30 ಗ್ರಾಂ ಕಾಳು ನೆನೆಸಿ, ಮೊಳಕೆ ಬಂದ ಮೇಲೆ ಬೇಯಿಸಿ. ಹಸಿ ಮೊಳಕೆ ಬಸುರಿಯರಿಗೆ ಬೇಡ. ಒಂದು ವಾರ ಒಗ್ಗಿದ ಮೇಲೆ ಎರಡು ಹಿಡಿ. ಮೊದಲ ದಿನವೇ ಬಟ್ಟಲು ತುಂಬ ತಿಂದವರು ಹೊಟ್ಟೆ ಉಬ್ಬರಿಸಿಕೊಂಡು ಮೂರನೇ ದಿನ ಬಿಟ್ಟುಬಿಡುತ್ತಾರೆ.

ರಾಗಿ ತಿಂದರೆ ಶುಗರ್ ಏರುವುದಿಲ್ಲ ಎಂಬ ನಂಬಿಕೆ ಗಟ್ಟಿ. ರಾಗಿಯ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಅದಕ್ಕೇ ಮುದ್ದೆ ಒಂದೇ, ಹಿಟ್ಟು 60 ಗ್ರಾಂ, ಸೊಪ್ಪು-ಕಾಳಿನ ಪಲ್ಯ ತಿಂದ ಮೇಲೆ. ಎರಡು ವಾರದ ನಂತರವೂ ಊಟವಾಗಿ 2 ಗಂಟೆಗೆ 120 ದಾಟುತ್ತಿದ್ದರೆ ಪಥ್ಯ ಎಳೆಯುತ್ತ ಕೂರುವುದಿಲ್ಲ, ಔಷಧಿ ಶುರು.