ಕುಂಡದಲ್ಲಿ ಸಾ ಪಾಮೆಟೊ ಬೆಳೆಸುವುದು ಹೇಗೆ?

ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ತೊಂದರೆಗೆ ಅಂತ ಮಾರುವ ಸಾ ಪಾಮೆಟೊ ಮಾತ್ರೆಯ ಹೆಸರು ಹಲವರು ಕೇಳಿರುತ್ತಾರೆ. ಗಿಡ ನೋಡಿದವರು ಕಡಿಮೆ. ತಾಳೆಯ ಹಾಗೆ ಇದಕ್ಕೂ ಬೀಸಣಿಗೆಯಂಥ ಗರಿ. ಆದರೆ ಕಾಂಡ ಮೇಲೇರುವ ಬದಲು ನೆಲದಲ್ಲೇ ತೆವಳುತ್ತದೆ. ಗರಿಯ ತೊಟ್ಟಿನ ಅಂಚಿನಲ್ಲಿ ಗರಗಸದಂಥ ಹಲ್ಲುಗಳಿರುತ್ತವೆ.

ಔಷಧಿಗಾಗಿ ಬೆಳೆಸುವ ಆಸೆ ಇದ್ದರೆ ಬಿಟ್ಟುಬಿಡಿ. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 225 ಗಂಡಸರ ಮೇಲೆ ಒಂದು ವರ್ಷ ಪರೀಕ್ಷಿಸಿದರು. ಇದರ ಸಾರಕ್ಕೂ ಔಷಧಿಯೇ ಇಲ್ಲದ ಹುಸಿ ಮಾತ್ರೆಗೂ ವ್ಯತ್ಯಾಸ ಕಾಣಲಿಲ್ಲ. ಮೂತ್ರದ ತೊಂದರೆ ಇದ್ದವರು ಡಾಕ್ಟರನ್ನೇ ನೋಡಿ. ಗಿಡವನ್ನು ಗಿಡವಾಗಿಯೇ ಪ್ರೀತಿಸಬಹುದು, ಅಲ್ವಾ?

ಮೊದಲು ಅದರ ತವರು ತಿಳಿದುಕೊಳ್ಳಿ. ಅಮೆರಿಕದ ಆಗ್ನೇಯ ಭಾಗ, ಅದರಲ್ಲೂ ಫ್ಲಾರಿಡಾ. ಪೈನ್ ಮರಗಳ ಕೆಳಗಿನ ಮರಳು ನೆಲ, ಕಡಲ ದಂಡೆಯ ದಿಬ್ಬ. ಕಾಡಿಗೆ ಬೆಂಕಿ ಬಿದ್ದು ಗರಿಯೆಲ್ಲ ಸುಟ್ಟರೂ ಕಾಂಡದಿಂದ ಮತ್ತೆ ಚಿಗುರುತ್ತದೆ. ಅಲ್ಲಿನ ಕಪ್ಪು ಕರಡಿಗೆ ಇದರ ಹಣ್ಣು ಮುಖ್ಯ ಆಹಾರ. ಬೆಳವಣಿಗೆ ತುಂಬಾ ನಿಧಾನ, ಆಯುಸ್ಸು ಶತಮಾನಗಳ ಲೆಕ್ಕದ್ದು.

ಮರಳಿನ ಗಿಡಕ್ಕೆ ಬೆಂಗಳೂರಿನ ಅಂಟು ಕೆಂಪು ಮಣ್ಣು ಹಾಗೇ ಹಾಕಬಾರದು. ತೊಳೆದ ಮರಳು ಎರಡು ಪಾಲು, ಕೆಂಪು ಮಣ್ಣು ಒಂದು ಪಾಲು, ಎಲೆಗೊಬ್ಬರ ಅರ್ಧ ಪಾಲು ಬೆರೆಸಿ. ನಾನು ಮೊದಲ ಸಲ ಬರೀ ತೆಂಗಿನ ನಾರಿನ ಪುಡಿ ತುಂಬಿದ್ದೆ. ಸೆಪ್ಟೆಂಬರ್ ಮಳೆಗೆ ಮೂರು ಸಸಿಯೂ ಬುಡದಲ್ಲೇ ಕೊಳೆತವು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಬೀಜ ತಾಜಾ ಇರಲಿ. ವಿದೇಶದಿಂದ ಬೀಜ ತರಿಸಲು ಸಸ್ಯ ಕ್ವಾರಂಟೈನ್ ನಿಯಮಗಳಿವೆ, ಸುಮ್ನೆ ಆನ್‌ಲೈನಿನಲ್ಲಿ ಆರ್ಡರ್ ಮಾಡಬೇಡಿ. ಇಲ್ಲಿನ ನರ್ಸರಿಯಲ್ಲಿ ಸಸಿ ಸಿಗುತ್ತದೆಯಾ ಎಂದು ಮೊದಲು ವಿಚಾರಿಸಿ. ಬೀಜ ಸಿಕ್ಕರೆ ತಿರುಳು ತೆಗೆದು, ಒಂದೆರಡು ದಿನ ನೀರಲ್ಲಿ ನೆನೆಸಿ, ಬೆರಳ ಗೆಣ್ಣಿನ ಅರ್ಧದಷ್ಟು ಆಳಕ್ಕೆ ಬಿತ್ತಿ. ಮಾರ್ಚ್, ಏಪ್ರಿಲ್ ಒಳ್ಳೆಯ ಕಾಲ, ಮೊಳಕೆಗೆ ಬಿಸಿ ಬೇಕು. ಮೊಳಕೆ ಬರಲು ತಿಂಗಳುಗಟ್ಟಲೆ ಹಿಡಿಯಬಹುದು. ಕಾತರಕ್ಕೆ ಕೆದಕಿ ನೋಡಬೇಡಿ.

ಕುಂಡ ಅಗಲಕ್ಕಿಂತ ಆಳವಾಗಿರಲಿ, ತಳದಲ್ಲಿ ದೊಡ್ಡ ತೂತುಗಳಿರಲಿ. ಬೇರು ಕದಲಿಸಿದರೆ ಈ ಗಿಡ ಸಹಿಸುವುದಿಲ್ಲ, ಆದ್ದರಿಂದ ಪದೇ ಪದೇ ಕುಂಡ ಬದಲಿಸಬೇಡಿ. ಮೊದಲ ವರ್ಷ ಅರೆ ನೆರಳು, ಆಮೇಲೆ ಮಹಡಿಯ ಪೂರ್ತಿ ಬಿಸಿಲು. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು. ಜೋರು ಮಳೆಯ ವಾರಗಳಲ್ಲಿ ಸಜ್ಜಾದ ಕೆಳಗೆ ಸರಿಸಿ. ಗೊಬ್ಬರ ಜಾಸ್ತಿ ಹಾಕಿದರೆ ಬೇಗ ಬೆಳೆಯುತ್ತದೆ ಅಂತಿಲ್ಲ.

ಪೂರ್ತಿ ಒಣಗಿದ ಗರಿಯನ್ನು ಮಾತ್ರ ಕತ್ತರಿಸಿ. ಕೈಗೆ ದಪ್ಪ ಗ್ಲೌಸ್ ಹಾಕಿಕೊಳ್ಳಿ, ಕುಂಡವನ್ನು ಮಕ್ಕಳು ಓಡಾಡುವ ದಾರಿಯಿಂದ ದೂರ ಇಡಿ.